ನಡುರಾತ್ರಿಯ ಅನುಭವಕ್ಕೆ ಲೆಕ್ಕ ಸಿಗುವುದೆಲ್ಲಿ?

ತಾಲ್ಲೂಕು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇರುತ್ತದೆ. ದಿನಾಂಕ, ರೋಗಿಯ ಹೆಸರು, ಒಳರೋಗಿ ಸಂಖ್ಯೆ, ಆಪರೇಷನ್ ಯಾವುದು, ಮಾಡಿದವರು ಯಾರು, ಅರಿವಳಿಕೆ ಕೊಟ್ಟವರು ಯಾರು. ಹೆರಿಗೆ ಕಷ್ಟವಾಗಿ ರಾತ್ರಿ ಎರಡು ಗಂಟೆಗೆ ಬಂದ ತಾಯಿಗೆ ಬೆನ್ನಿನಲ್ಲಿ ಸೂಜಿ ಕೊಟ್ಟು, ಸರ್ರನೆ ಇಳಿದ ರಕ್ತದೊತ್ತಡವನ್ನು ಮತ್ತೆ ಹಾದಿಗೆ ತಂದ ವೈದ್ಯೆಗೆ ಆ ಪುಸ್ತಕದಲ್ಲಿ ದಕ್ಕುವುದು ಕೊನೆಯ ಕಾಲಂನಲ್ಲಿ ಒಂದು ಹೆಸರು, ಅಷ್ಟೇ. ನಾಳೆ ಅವರಿಗೆ ವರ್ಗವಾದರೆ ರಿಜಿಸ್ಟರ್ ಆಸ್ಪತ್ರೆಯ ಬೀರುವಿನಲ್ಲೇ ಉಳಿಯುತ್ತದೆ.

ಹೀಗೆ ವರ್ಷಗಟ್ಟಲೆ ದುಡಿದು ಕಲಿತದ್ದನ್ನು ತಜ್ಞರ ತರಬೇತಿಯ ಲೆಕ್ಕಕ್ಕೆ ಹಿಡಿಯಬಹುದೇ? ಹಿಡಿಯುವುದಾದರೆ ಅಳೆಯುವುದು ಹೇಗೆ? ಈ ಪ್ರಶ್ನೆಗೆ ವಿವರವಾದ ವ್ಯವಸ್ಥೆಯನ್ನೇ ಕಟ್ಟಿಕೊಂಡಿರುವ ದೇಶಗಳಲ್ಲಿ ಬ್ರಿಟನ್ ಒಂದು. ಕರ್ನಾಟಕದಲ್ಲಿ ಓದಿ ಅಲ್ಲಿಗೆ ಹೋದ ಎಷ್ಟೋ ವೈದ್ಯರು ಆ ದಾರಿಯನ್ನು ಸ್ವತಃ ತುಳಿದವರು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕಾಯಂ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ವೈದ್ಯ, ಆಗಬೇಕಾದರೆ ಜನರಲ್ ಮೆಡಿಕಲ್ ಕೌನ್ಸಿಲ್ ಇಟ್ಟಿರುವ ತಜ್ಞರ ಪಟ್ಟಿಯಲ್ಲಿ ಹೆಸರಿರಲೇಬೇಕು. 1997ರಿಂದ ಇದು ಕಡ್ಡಾಯ. ಅಲ್ಲಿನ ಪೂರ್ತಿ ತರಬೇತಿ ಮುಗಿಸಿದವರಿಗೆ ಆ ಪಟ್ಟಿಗೆ ನೇರ ಪ್ರವೇಶವಿದೆ. ಆದರೆ ಆ ತರಬೇತಿ ಬಹಳ ದೀರ್ಘ. ಭಾರತದಲ್ಲಿ ಅರಿವಳಿಕೆ ಶಾಸ್ತ್ರದ ಎಂ.ಡಿ. ಮೂರು ವರ್ಷವಾದರೆ, ಬ್ರಿಟನ್ನಿನ ಪಠ್ಯಕ್ರಮ ಏಳು ವರ್ಷದ್ದು. ನಮ್ಮ ಎಂ.ಡಿ. ಒಂದರಿಂದಲೇ ಆ ಪಟ್ಟಿಗೆ ಸೇರಲಾಗದು.

ಆ ಏಳು ವರ್ಷವನ್ನು ಮೊದಲಿನಿಂದ ಶುರುಮಾಡಲಾಗದ ಅನುಭವಿಗಳಿಗಾಗಿ 2005ರಲ್ಲಿ ಇನ್ನೊಂದು ದಾರಿ ತೆರೆಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವೈದ್ಯರು ಅದನ್ನು ‘ಸೀಸರ್’ ಎಂದೇ ಕರೆಯುತ್ತಿದ್ದರು. 2023ರ ನವೆಂಬರ್ 30ರಿಂದ ಅದು ‘ಪೋರ್ಟ್‌ಫೋಲಿಯೊ ಪಾಥ್‌ವೇ’ ಆಗಿದೆ. ಬದಲಾದದ್ದು ಹೆಸರಷ್ಟೇ ಅಲ್ಲ. ಹಿಂದೆ ಅರ್ಜಿದಾರರು ತಮ್ಮ ತರಬೇತಿ ಬ್ರಿಟನ್ನಿನ ತರಬೇತಿಗೆ ಸರಿಸಮ ಎಂದು ತೋರಿಸಬೇಕಿತ್ತು. ಈಗ ಅಲ್ಲಿ ತಜ್ಞರಾಗಿ ಕೆಲಸ ಮಾಡಲು ಬೇಕಾದ ಜ್ಞಾನ, ಕೌಶಲ, ಅನುಭವ ತಮಗಿದೆ ಎಂದು ತೋರಿಸಿದರೆ ಸಾಕು. ‘ಎಲ್ಲಿ ಕಲಿತಿರಿ’ ಎನ್ನುವುದಕ್ಕಿಂತ ‘ಈಗ ಏನು ಬಲ್ಲಿರಿ’ ಎನ್ನುವುದಕ್ಕೆ ಬೆಲೆ ಹೆಚ್ಚಿತು. ತಜ್ಞ ಪದವಿ ಅಥವಾ ಕನಿಷ್ಠ ಆರು ತಿಂಗಳ ತಜ್ಞ ತರಬೇತಿ ಇದ್ದರೆ ಅರ್ಜಿ ಹಾಕಬಹುದು. ಅದು ಯಾವ ದೇಶದ್ದಾದರೂ ಆಗುತ್ತದೆ.

ಅರ್ಜಿ ಹಾಕುವುದು ಸುಲಭ, ಪುರಾವೆ ಒದಗಿಸುವುದೇ ಕಷ್ಟ. ಸೀಸರ್ ಕಾಲದಲ್ಲಿ ಒಬ್ಬೊಬ್ಬರ ಕಡತ 800ರಿಂದ 1,000 ಪುಟ ತಲುಪುವುದು ಸಾಮಾನ್ಯವಾಗಿತ್ತು. ಮಾಡಿದ ಕೇಸುಗಳ ಲಾಗ್‌ಬುಕ್, ವಿಭಾಗದಲ್ಲಿ ನಡೆಸಿದ ಆಡಿಟ್, ಸಹೋದ್ಯೋಗಿಗಳ ಮತ್ತು ರೋಗಿಗಳ ಅಭಿಪ್ರಾಯ, ಕಿರಿಯರಿಗೆ ಪಾಠ ಹೇಳಿದ ದಾಖಲೆ, ಹಿರಿಯ ತಜ್ಞರ ವರದಿ, ಎಲ್ಲವೂ ಬೇಕು. ಪ್ರತಿ ಹಾಳೆಯಲ್ಲೂ ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ ಅಳಿಸಿರಬೇಕು. ಇತ್ತೀಚಿನ ವರ್ಷಗಳ ಪುರಾವೆಗೆ ತೂಕ ಹೆಚ್ಚು. ಹದಿನೈದು ವರ್ಷದ ಹಿಂದಿನ ಸಾಧನೆ ಎಷ್ಟೇ ದೊಡ್ಡದಿದ್ದರೂ ಅದೊಂದರಿಂದಲೇ ಕೆಲಸವಾಗದು. ಆಯಾ ವಿಷಯದ ರಾಯಲ್ ಕಾಲೇಜಿನ ತಜ್ಞರು ಕಡತವನ್ನು ಪರಿಶೀಲಿಸಿ ಶಿಫಾರಸು ಮಾಡುತ್ತಾರೆ, ಕೊನೆಯ ತೀರ್ಮಾನ ಕೌನ್ಸಿಲ್‌ನದು.

ಇಷ್ಟು ಬಿಗಿ ಏಕೆಂದರೆ, ವರ್ಷಗಳ ಎಣಿಕೆಯೇ ಕಲಿಕೆಯ ಅಳತೆಯಾಗದು. ಸಿಸೇರಿಯನ್ನಿಗೆ ಸಾವಿರ ಸಲ ಅರಿವಳಿಕೆ ಕೊಟ್ಟು ಕೈ ಪಳಗಿದವರನ್ನೇ ನೋಡಿ. ಅವರು ಹಸುಗೂಸಿಗೆ ಅರಿವಳಿಕೆ ಕೊಟ್ಟಿರಲಿಕ್ಕಿಲ್ಲ, ಹೃದಯದ ಆಪರೇಷನ್ನಿನಲ್ಲಿ ನಿಂತಿರಲಿಕ್ಕಿಲ್ಲ, ತೀವ್ರ ನಿಗಾ ಘಟಕದಲ್ಲಿ ತಿಂಗಳುಗಟ್ಟಲೆ ದುಡಿದಿರಲಿಕ್ಕಿಲ್ಲ. ಪಠ್ಯಕ್ರಮ ಕೇಳುವುದು ಈ ವೈವಿಧ್ಯವನ್ನು. ಅನುಭವದ ಆಳವಿದ್ದೂ ಹರವು ಸಾಲದೆ ಅರ್ಜಿ ಬಿದ್ದುಹೋಗುವುದುಂಟು. ಹಾಗೆ ತಿರಸ್ಕೃತರಾದವರಿಗೆ ಕೊರತೆ ಎಲ್ಲಿದೆ ಎಂದು ತಿಳಿಸಲಾಗುತ್ತದೆ. ಅದನ್ನು ತುಂಬಿಕೊಂಡು ಮರುಪರಿಶೀಲನೆ ಕೇಳಲು ಅವಕಾಶವೂ ಇದೆ.

ಕೆಲವು ಆಸ್ಪತ್ರೆಗಳು ಈ ಕೊರತೆ ತುಂಬುವ ಕೆಲಸಕ್ಕೆ ತಾವೇ ಮುಂದಾದವು. ತುರ್ತು ಚಿಕಿತ್ಸಾ ವೈದ್ಯರ ಅಭಾವ ಬಾಧಿಸುತ್ತಿದ್ದಾಗ ಡರ್ಬಿಯ ಆಸ್ಪತ್ರೆ ತನ್ನಲ್ಲಿ ದುಡಿಯುವ ವೈದ್ಯರಿಗಾಗಿಯೇ ಸೀಸರ್ ಕಾರ್ಯಕ್ರಮ ರೂಪಿಸಿತು. ಸಂಬಳದ ಕೆಲಸದಲ್ಲಿ ಇದ್ದುಕೊಂಡೇ, ಕಡಿಮೆ ಅನುಭವವಿರುವ ವಿಭಾಗಗಳಲ್ಲಿ ಸರದಿಯ ಮೇಲೆ ಕಲಿತು, ಕಡತ ಕಟ್ಟಿಕೊಳ್ಳುವ ಏರ್ಪಾಡು ಅದು. ವೈದ್ಯರಿಗೆ ಭವಿಷ್ಯ ಸಿಕ್ಕಿತು, ಆಸ್ಪತ್ರೆಗೆ ಕೈಗಳು ಸಿಕ್ಕವು.

ಇದರಲ್ಲಿ ನೋವಿನ ಸಂಗತಿಯೂ ಇದೆ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿದ್ದಾಗ, ಒಕ್ಕೂಟದ ದೇಶಗಳ ಮಾನ್ಯ ತಜ್ಞ ಪದವಿಗೆ ತಾನಾಗಿಯೇ ಮನ್ನಣೆ ಸಿಗುತ್ತಿತ್ತು. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಕಲಿತವರು ಅದೇ ಪಟ್ಟಿಗೆ ಸೇರಲು ಸಾವಿರ ಪುಟ ಹೊರಬೇಕಿತ್ತು. ಹಾಗೆ ನೋಡಿದರೆ, ಇತರರು ಒಲ್ಲೆನೆಂದ ವೃದ್ಧರ ಚಿಕಿತ್ಸೆಯಂಥ ವಿಭಾಗಗಳನ್ನು ಬ್ರಿಟನ್ನಿನಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ಭಾರತ ಉಪಖಂಡದ ವೈದ್ಯರ ಪಾಲು ಬಲು ದೊಡ್ಡದು. ಅವರಲ್ಲಿ ಅನೇಕರು ಕನ್ಸಲ್ಟೆಂಟರ ಹೊಣೆ ಹೊತ್ತೂ ಆ ಹುದ್ದೆ ಕಾಣದೆ ನಿವೃತ್ತರಾದರು.

ನಮ್ಮಲ್ಲಿ ಏನಿದೆ? ದುಡಿಮೆಗೆ ಬೆಲೆ ಇಲ್ಲವೆಂದಲ್ಲ, ಆದರೆ ಅದು ಚೂರುಚೂರಾಗಿ ಸಿಗುತ್ತದೆ. ದುರ್ಗಮ ಪ್ರದೇಶದಲ್ಲಿ ಸೇವೆ ಸಲ್ಲಿಸಿದ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ವರ್ಷಕ್ಕೆ ಶೇ. 10ರಂತೆ, ಗರಿಷ್ಠ ಶೇ. 30ರವರೆಗೆ ಹೆಚ್ಚುವರಿ ಅಂಕ ಕೊಡಲು 2000ದ ನಿಯಮಾವಳಿ ಅವಕಾಶ ಕೊಟ್ಟಿತು. ಅದು ಬಾಗಿಲವರೆಗೆ ಕರೆದೊಯ್ಯುತ್ತದೆಯೇ ಹೊರತು ಒಳಗಿನ ಮೂರು ವರ್ಷದಲ್ಲಿ ಒಂದು ದಿನವನ್ನೂ ಇಳಿಸುವುದಿಲ್ಲ. ಡಿಪ್ಲೊಮಾ ಮುಗಿಸಿದವರಿಗೆ, ಎಂ.ಡಿ.ಗೆ ಸಮನಾದ ಡಿ.ಎನ್.ಬಿ.ಯನ್ನು ಮೂರರ ಬದಲು ಎರಡೇ ವರ್ಷದಲ್ಲಿ ಮುಗಿಸಲು ಬಿಡುವ ಕ್ರಮ, ಹಿಂದಿನ ಕಲಿಕೆಗೆ ನಿಜವಾಗಿ ಸಲ್ಲುವ ಮನ್ನಣೆ. 2025ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೊಂದು ಹೆಜ್ಜೆಯಿಟ್ಟಿತು. ಕನಿಷ್ಠ 220 ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ, ಸ್ನಾತಕೋತ್ತರ ಪದವಿಯ ತಜ್ಞರು ಸಹ ಪ್ರಾಧ್ಯಾಪಕರಾಗಲು ಅರ್ಹರಾದರು. ಎರಡು ವರ್ಷ ದುಡಿದವರಿಗೆ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ದಾರಿಯಾಯಿತು.

ಇಲ್ಲೂ ಎಣಿಸುವುದು ವರ್ಷಗಳನ್ನೇ. ಆ ವರ್ಷಗಳಲ್ಲಿ ಏನು ಕಲಿತರು ಎಂದು ಹೇಳಬಲ್ಲ ಪುಸ್ತಕ ನಮ್ಮ ಹೆಚ್ಚಿನ ತಾಲ್ಲೂಕು ವೈದ್ಯರ ಕೈಯಲ್ಲಿಲ್ಲ. ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಆಪರೇಷನ್ ಮುಗಿದು ತಾಯಿ, ಮಗು ವಾರ್ಡಿಗೆ ಹೋದ ಮೇಲೆ ಥಿಯೇಟರಿನ ರಿಜಿಸ್ಟರಿಗೆ ಸಹಿ ಹಾಕಿ, ಪಕ್ಕದಲ್ಲಿ ತಮ್ಮದೇ ನೋಟ್‌ಬುಕ್ ತೆರೆದರಾಯಿತು: ವಯಸ್ಸು 26, ತುರ್ತು ಸಿಸೇರಿಯನ್, ಬೆನ್ನಿನ ಅರಿವಳಿಕೆ, ರಕ್ತದೊತ್ತಡ ಇಳಿಯಿತು, ಇಂಥ ಔಷಧಿಗೆ ಸರಿಹೋಯಿತು. ಹೆಸರು ಬೇಡ. ಕೆಳಗೆ ಹಿರಿಯರೊಬ್ಬರ ರುಜುವಿಗೆ ಒಂದಿಷ್ಟು ಜಾಗ.