ಮನೆಯ ನಲ್ಲಿಯೂ ಮನೆಯ ಮೋರಿಯೂ

ನಗರದ ಮನೆಗಳಲ್ಲಿ ನೀರಿಗೆ ಎರಡು ದಾರಿಗಳುಂಟು. ಒಂದು ಬರುವ ದಾರಿ, ಮತ್ತೊಂದು ಹೋಗುವ ದಾರಿ. ಬರುವ ನೀರು ಒತ್ತಡದಿಂದ ಬರುತ್ತದೆ. ಹೋಗುವ ನೀರು ತನ್ನ ಭಾರದಿಂದಲೇ ಇಳಿದು ಹೋಗುತ್ತದೆ. ಗೃಹಸ್ಥರನ್ನು ಪೀಡಿಸುವ ತೊಂದರೆಗಳಲ್ಲಿ ಬಹುಪಾಲು ಈ ಎರಡು ಮಾತುಗಳಲ್ಲಿ ಅಡಕವಾಗಿವೆ. ಒತ್ತಡದಲ್ಲಿರುವ ನೀರಿಗೆ ಕೂದಲೆಳೆಯಷ್ಟು ಸಂದು ದೊರೆತರೂ ಸಾಕು, ಅಲ್ಲಿ ಸೋರುತ್ತದೆ. ಭಾರದಿಂದ ಇಳಿಯುವ ನೀರಿಗೆ ಅಂಥ ಬಲವಿಲ್ಲ; ಅಲ್ಪ ಅಡ್ಡಿ ಬಂದರೂ ನಿಂತುಬಿಡುತ್ತದೆ. ಆದುದರಿಂದ ಬರುವ ದಾರಿಯ ರೋಗ ಸೋರಿಕೆ. ಹೋಗುವ ದಾರಿಯ ರೋಗ ಕಟ್ಟಿಕೊಳ್ಳುವಿಕೆ. ಇವೆರಡರ ನಿದಾನವನ್ನೂ ಚಿಕಿತ್ಸೆಯನ್ನೂ ಕುರಿತು ಕೆಲವು ಮಾತುಗಳನ್ನು ಶ್ರೋತೃಗಳ ಮುಂದಿಡುವುದು ನಮ್ಮ ಉದ್ದೇಶ.

ಒಂದು ತೊಟ್ಟು ನೀರಿನ ಬೆಲೆಯೇನೆಂಬುದನ್ನು ಮೊದಲು ಅರಿಯೋಣ. ಬೆಂಗಳೂರಿಗೆ ೧೮೯೬ರಲ್ಲಿ ಕೊಳಾಯಿಯ ನೀರು ಬಂದದ್ದು ಹೆಸರಘಟ್ಟದ ಕೆರೆಯಿಂದ. ಅದು ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದ ನೀರನ್ನು ತರಬೇಕಾಯಿತು. ಅದೂ ಸಾಲದೆ ೧೯೭೪ರಿಂದ ಕಾವೇರಿಯ ನೀರನ್ನು ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ತರಲಾಗುತ್ತಿದೆ. ಹೀಗೆ ಬೆಟ್ಟವೇರಿ ಬಂದ ನೀರು ಮನೆಯ ನಲ್ಲಿಯಲ್ಲಿ ಕ್ಷಣಕ್ಕೊಂದು ತೊಟ್ಟಿನಂತೆ ಬೀಳುತ್ತಿದೆಯೆಂದು ಇಟ್ಟುಕೊಳ್ಳೋಣ. ಸುಮಾರು ೪,೦೦೦ ತೊಟ್ಟುಗಳು ಸೇರಿದರೆ ಒಂದು ಲೀಟರು. ಒಂದು ದಿನಕ್ಕೆ ೮೬,೪೦೦ ಕ್ಷಣಗಳು. ಲೆಕ್ಕ ಹಾಕಿದರೆ ದಿನಕ್ಕೆ ೨೧ ಲೀಟರಿಗೂ ಹೆಚ್ಚು, ವರ್ಷಕ್ಕೆ ೭,೮೦೦ ಲೀಟರಿಗೂ ಹೆಚ್ಚು ನೀರು ಬಚ್ಚಲಿನ ಪಾಲಾಗುತ್ತದೆ. ಇದು ಒಂದೇ ನಲ್ಲಿಯ ಲೆಕ್ಕ.

ಈ ತೊಟ್ಟಿಕ್ಕುವಿಕೆಗೆ ಕಾರಣ ಅತ್ಯಲ್ಪವಾದುದು. ತಿರುಗಿಸಿ ಮುಚ್ಚುವ ಹಳೆಯ ಮಾದರಿಯ ನಲ್ಲಿಯಲ್ಲಿ, ಮೇಲಿನ ಹಿಡಿಯನ್ನು ತಿರುಗಿಸಿದಾಗ ಒಳಗಿನ ತಿರುಪು ಇಳಿದು, ಅದರ ತುದಿಯಲ್ಲಿರುವ ವಾಷರನ್ನು ನೀರಿನ ಬಾಯಿಯ ಮೇಲೆ ಒತ್ತುತ್ತದೆ. ರಬ್ಬರಿನದೋ ಚರ್ಮದ್ದೋ ಆದ ಈ ಬಿಲ್ಲೆ ಕಾಲಕ್ರಮದಲ್ಲಿ ಸವೆಯುತ್ತದೆ. ಆಗ ಮನೆಯವರು ಹೆಚ್ಚು ಬಲದಿಂದ ತಿರುಗಿಸುತ್ತಾರೆ. ಬಲ ಹೆಚ್ಚಿದಷ್ಟೂ ವಾಷರು ಕತ್ತರಿಸಿಹೋಗುತ್ತದೆ. ಅದು ಹೋದ ಮೇಲೆ ಹಿತ್ತಾಳೆಗೆ ಹಿತ್ತಾಳೆ ತಗಲಿ ನಲ್ಲಿಯೇ ಕೆಡುತ್ತದೆ. ಅಲ್ಪ ಬೆಲೆಯ ಬಿಲ್ಲೆಯನ್ನು ಬದಲಿಸಲು ತಡ ಮಾಡಿ ಇಡೀ ನಲ್ಲಿಯನ್ನೇ ಕೊಳ್ಳಬೇಕಾಗುವುದು ಹೀಗೆ.

ಬದಲಿಸುವ ಕ್ರಮವೂ ಕಷ್ಟವಲ್ಲ. ಮೊದಲು ಆ ನಲ್ಲಿಗೆ ನೀರು ತರುವ ವಾಲ್ವನ್ನು ಮುಚ್ಚಬೇಕು. ಅನಂತರ ನಲ್ಲಿಯನ್ನು ಪೂರಾ ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹರಿಯಬಿಡಬೇಕು. ನಲ್ಲಿಯ ಕತ್ತಿಗೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಮೇಲ್ಭಾಗವನ್ನು ಬಿಚ್ಚಿ, ಹಳೆಯ ವಾಷರನ್ನು ತೆಗೆದು ಅದೇ ಅಳತೆಯ ಹೊಸದನ್ನು ಹಾಕಬೇಕು. ಅಂಗಡಿಗೆ ಹೋಗುವಾಗ ಹಳೆಯ ವಾಷರನ್ನು ಒಯ್ದರೆ ಅಳತೆ ತಪ್ಪುವುದಿಲ್ಲ. ನೀರು ಮೂತಿಯಿಂದ ಬೀಳದೆ ಹಿಡಿಯ ಬುಡದಿಂದ ಜಿನುಗುತ್ತಿದ್ದರೆ ದೋಷ ವಾಷರಿನದಲ್ಲ. ತಿರುಪಿನ ಸುತ್ತ ತುರುಕಿದ ನೂಲು ಸವೆದಿದೆಯೆಂದು ತಿಳಿಯಬೇಕು. ಅಲ್ಲಿ ಗ್ರೀಸು ಸವರಿದ ಹತ್ತಿಯ ದಾರವನ್ನು ಸುತ್ತಿ ಬಿಗಿಮಾಡಿದರೆ ಸಾಕು. ಕಾಲು ಸುತ್ತಿಗೇ ತೆರೆಯುವ ಈಚಿನ ನಲ್ಲಿಗಳಲ್ಲಿ ವಾಷರಿಗೆ ಬದಲಾಗಿ ಪಿಂಗಾಣಿಯ ಬಿಲ್ಲೆಗಳಿರುತ್ತವೆ; ಅವು ಕೆಟ್ಟರೆ ಒಳಭಾಗವನ್ನೇ ಬದಲಾಯಿಸತಕ್ಕದ್ದು.

ಇಲ್ಲಿ ವಾಲ್ವಿನ ವಿಷಯವಾಗಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೆಗೆಲ್ಲ ನೀರು ಬಿಡುವ ಮುಖ್ಯ ವಾಲ್ವು ಎಲ್ಲಿದೆಯೆಂಬುದು ಅನೇಕ ಮನೆಗಳಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಕೊಳವೆ ಒಡೆದು ನೀರು ಚಿಮ್ಮುವ ಹೊತ್ತು ಅದನ್ನು ಹುಡುಕುವ ಹೊತ್ತಲ್ಲ. ಮನೆಯ ಹೆಂಗಸರು, ಮಕ್ಕಳು ಎಲ್ಲರೂ ಅದರ ಸ್ಥಳವನ್ನು ತಿಳಿದಿರಬೇಕು. ವರ್ಷಕ್ಕೆರಡು ಬಾರಿಯಾದರೂ ಅದನ್ನು ಮುಚ್ಚಿ ತೆರೆದು ನೋಡಬೇಕು. ಬಹುಕಾಲ ತಿರುಗಿಸದ ವಾಲ್ವು ಬೇಕಾದ ಸಮಯದಲ್ಲಿ ತಿರುಗುವುದಿಲ್ಲ.

ಕಣ್ಣಿಗೆ ಕಾಣುವ ಸೋರಿಕೆಗಿಂತ ಕಾಣದ ಸೋರಿಕೆ ಹೆಚ್ಚು ಕೆಟ್ಟದ್ದು. ಅದನ್ನು ಪತ್ತೆ ಹಚ್ಚಲು ಸುಲಭವಾದ ಉಪಾಯಗಳುಂಟು. ನಲ್ಲಿಗಳನ್ನೆಲ್ಲ ಮುಚ್ಚಿ, ಸಂಪಿಗಾಗಲಿ ಮೇಲಿನ ಟ್ಯಾಂಕಿಗಾಗಲಿ ನೀರು ತುಂಬದಿರುವಾಗ ಮೀಟರನ್ನು ನೋಡಿರಿ. ಮುಳ್ಳು ತಿರುಗುತ್ತಿದ್ದರೆ ಮೀಟರಿನಿಂದೀಚೆಗೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಕಕ್ಕಸಿನ ಫ್ಲಷ್ ತೊಟ್ಟಿಯಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನು ಸ್ವಲ್ಪ ಕದಡಿ, ನೀರು ಬಿಡದೆ ಅರ್ಧ ಗಂಟೆ ಕಾದು ನೋಡಿರಿ. ಕೆಳಗಿನ ಬಟ್ಟಲಿನಲ್ಲಿ ನೀಲಿ ಕಂಡರೆ ತೊಟ್ಟಿಯ ತಳದ ರಬ್ಬರು ಸವೆದಿದೆ. ಮೇಲಿನ ಟ್ಯಾಂಕು ಉಕ್ಕಿ ಹರಿಯುತ್ತಿದ್ದರೆ ಅಲ್ಲಿ ತೇಲುವ ಚೆಂಡನ್ನು ಪರೀಕ್ಷಿಸಬೇಕು. ಒಳಗೆ ನೀರು ಸೇರಿದ ಚೆಂಡು ತೇಲಲಾರದು. ತೇಲದ ಚೆಂಡು ನೀರನ್ನು ನಿಲ್ಲಿಸಲಾರದು.

ಇನ್ನು ನೀರು ಸಣ್ಣಗೆ ಬರುವ ದೂರು. ಟ್ಯಾಂಕಿನ ನೀರು ನಲ್ಲಿಗಿಂತ ೧೦ ಮೀಟರು ಮೇಲಿದ್ದರೆ ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಮಿನಷ್ಟು ಒತ್ತಡ ದೊರೆಯುತ್ತದೆ. ೩ ಮೀಟರು ಮೇಲಿದ್ದರೆ ಅದರ ಮೂರನೆಯ ಒಂದು ಭಾಗವೂ ದೊರೆಯದು. ಆದುದರಿಂದ ಮಾಳಿಗೆಯ ಮೇಲಿನ ಅಂತಸ್ತಿನಲ್ಲಿ ಧಾರೆ ಸಣ್ಣದಾಗಿರುವುದು ಸಹಜವೇ. ಆದರೆ ಮೊದಲು ಚೆನ್ನಾಗಿ ಬರುತ್ತಿದ್ದ ಒಂದು ನಲ್ಲಿಯಲ್ಲಿ ಮಾತ್ರ ನೀರು ಕಡಮೆಯಾದರೆ, ಅದರ ಮೂತಿಯಲ್ಲಿರುವ ಜಾಲರಿಯಲ್ಲಿ ಮರಳೋ ಸುಣ್ಣವೋ ಕಟ್ಟಿಕೊಂಡಿದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಇದು ಹೆಚ್ಚು. ಜಾಲರಿಯನ್ನು ಬಿಚ್ಚಿ ಒಂದು ರಾತ್ರಿ ವಿನಿಗರಿನಲ್ಲೋ ನಿಂಬೆಯ ರಸದಲ್ಲೋ ನೆನೆಯಿಟ್ಟರೆ ಸುಣ್ಣ ಕರಗುತ್ತದೆ. ಟ್ಯಾಂಕು ಬರಿದಾಗಿ ಮತ್ತೆ ತುಂಬಿದ ಮೇಲೆ ನೀರೇ ಬಾರದಿದ್ದರೆ ಕೊಳವೆಯ ಏರಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಕೆಳಗಿನ ನಲ್ಲಿಗಳನ್ನೆಲ್ಲ ಕೆಲವು ನಿಮಿಷ ತೆರೆದಿಟ್ಟರೆ ಅದು ಬಹುಮಟ್ಟಿಗೆ ಹೊರಬೀಳುತ್ತದೆ. ಟ್ಯಾಂಕಿನ ಹತ್ತಿರ ಬಾಗಿದ ಮೂತಿಯ ಗಾಳಿಕೊಳವೆಯನ್ನು ಎತ್ತಿ ನಿಲ್ಲಿಸುವುದು ಈ ತೊಂದರೆಯ ನಿವಾರಣೆಗಾಗಿಯೇ.

ಹೋಗುವ ದಾರಿಯ ಕಡೆಗೆ ಬರೋಣ. ಅಡಿಗೆಮನೆಯ ಸಿಂಕಿನ ಕೆಳಗೆ ಕೊಳವೆ ಬಾಗಿ ಮೇಲೆದ್ದು ಮತ್ತೆ ಇಳಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು, ಚರಂಡಿಯ ದುರ್ವಾಸನೆಯೂ ಹುಳುಗಳೂ ಮನೆಯೊಳಕ್ಕೆ ಬಾರದಂತೆ ತಡೆಯುತ್ತದೆ. ಕಕ್ಕಸಿಗೆ ಇಂಥ ಬಾಗುಕೊಳವೆಯನ್ನು ಜೋಡಿಸಿ ೧೭೭೫ರಲ್ಲಿ ಹಕ್ಕುಪತ್ರ ಪಡೆದವನು ಲಂಡನ್ನಿನಲ್ಲಿದ್ದ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್. ಇಷ್ಟು ಸರಳವಾದ ಸಾಧನ ಇಂದಿಗೂ ನಮ್ಮನ್ನು ಕಾಯುತ್ತಿದೆ. ಬಳಸದ ಬಚ್ಚಲುಮನೆಯಲ್ಲಿ ದುರ್ವಾಸನೆ ಬಂದರೆ ಬಾಗಿನ ನೀರು ಒಣಗಿದೆಯೆಂದು ತಿಳಿದು ಒಂದು ಚೊಂಬು ನೀರು ಸುರಿಯಿರಿ. ಅನೇಕ ವೇಳೆ ಅದೇ ಸಾಕಾದ ಚಿಕಿತ್ಸೆ.

ಸಿಂಕು ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣ ಜಿಡ್ಡು. ಬಿಸಿಯಾಗಿ ಸುರಿದ ತುಪ್ಪದ ಜಿಡ್ಡು ಕೊಳವೆಯಲ್ಲಿ ತಣಿದು ಹೆಪ್ಪುಗಟ್ಟುತ್ತದೆ. ಅದಕ್ಕೆ ಅನ್ನದ ಅಗುಳು, ಕಾಫಿಯ ಚರಟ, ಹುಣಿಸೆಯ ನಾರು ಅಂಟಿಕೊಳ್ಳುತ್ತವೆ. ಬಚ್ಚಲಿನಲ್ಲಿ ಈ ಕೆಲಸವನ್ನು ಮಾಡುವುದು ತಲೆಗೂದಲು ಮತ್ತು ಸೀಗೆಯ ಗಷ್ಟು. ಮೊದಲು ಹಿಡಿಯುಳ್ಳ ರಬ್ಬರು ಬಟ್ಟಲಿನಿಂದ ಒತ್ತಿ ಎತ್ತಿ ನೋಡಬೇಕು. ಅದರಿಂದ ಆಗದಿದ್ದರೆ ಬಾಗಿನ ಕೆಳಗೆ ಬಕೆಟ್ಟನ್ನಿಟ್ಟು, ಕೈಯಿಂದಲೇ ಬಿಚ್ಚಿ ತೊಳೆಯಬೇಕು. ತೀಕ್ಷ್ಣವಾದ ರಾಸಾಯನಿಕಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬಾರದು. ಕೂಡಿಸಿದರೆ ವಿಷಕರವಾದ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಅಪಾಯ.

ಇದುವರೆಗೆ ಹೇಳಿದ್ದು ಬಹುಮಟ್ಟಿಗೆ ಖರ್ಚಿನ ಹಾಗೂ ಅನುಕೂಲದ ಮಾತು. ಆದರೆ ಈ ಎರಡು ದಾರಿಗಳು ಒಂದನ್ನೊಂದು ಮುಟ್ಟಿದರೆ ವಿಷಯ ಆರೋಗ್ಯಕ್ಕೆ ಸಂಬಂಧಿಸುತ್ತದೆ. ಅನೇಕ ನಗರಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಬೀದಿಯ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಯಾವ ಬಿರುಕಿನಿಂದ ನೀರು ಹೊರಗೆ ಸೋರುತ್ತಿತ್ತೋ ಅದೇ ಬಿರುಕಿನಿಂದ ಸುತ್ತಲಿನ ಕೊಳೆನೀರು ಒಳಗೆ ಸೇರಬಲ್ಲದು. ವಾಂತಿ ಭೇದಿ, ವಿಷಮಶೀತ ಜ್ವರ, ಕಾಮಾಲೆಗಳು ಮನೆಮನೆಗೆ ಹರಡಲು ಇದೂ ಒಂದು ದಾರಿ. ಆದುದರಿಂದ ನೀರು ಬಿಟ್ಟೊಡನೆ ಬರುವ ಮೊದಲ ನೀರನ್ನು ಕುಡಿಯಲು ಹಿಡಿಯದೆ ಗಿಡಗಳಿಗೆ ಹಾಕಬೇಕು. ನೀರಿಗೆ ವಾಸನೆ ಬಂದರೂ ಬಣ್ಣ ತಿರುಗಿದರೂ ಕುದಿಸದೆ ಕುಡಿಯಬಾರದು, ನೀರು ಸರಬರಾಜಿನವರಿಗೆ ಆಗಲೇ ತಿಳಿಸಬೇಕು. ಬೀದಿಯ ಕೊಳವೆಗೆ ನೇರವಾಗಿ ಪಂಪನ್ನು ಜೋಡಿಸಿ ನೀರೆಳೆಯುವವರು ನೆರೆಯವರ ಪಾಲನ್ನು ಕಸಿಯುವುದಷ್ಟೇ ಅಲ್ಲ, ಬಿರುಕುಗಳಿಂದ ಕೊಳೆಯನ್ನೂ ಎಳೆದು ಇಡೀ ಬೀದಿಗೆ ಹಂಚುತ್ತಾರೆ.

ಹೋಗುವ ದಾರಿಯ ಕೊನೆಯಲ್ಲಿ ಇರುವವರನ್ನೂ ಮರೆಯಬಾರದು. ನಾವು ಮೋರಿಗೆ ತುರುಕಿದ ಬಟ್ಟೆ, ಪ್ಲಾಸ್ಟಿಕ್ಕು, ಹೆಪ್ಪುಗಟ್ಟಿದ ಜಿಡ್ಡು ಇವೆಲ್ಲ ಬೀದಿಯ ಚರಂಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅದನ್ನು ತೆಗೆಯಲು ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸಿ, ಒಳಗಿನ ವಿಷಾನಿಲಕ್ಕೆ ಅವರು ಬಲಿಯಾದ ಸಂದರ್ಭಗಳು ನಮ್ಮ ದೇಶದಲ್ಲಿ ಅನೇಕ. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ೨೦೧೩ರ ಕಾನೂನು ನಿಷೇಧಿಸಿದೆ. ಆ ಬಳಿಕವೂ ಅಂಥ ಸಾವುಗಳು ನಿಂತಿಲ್ಲ. ಮನೆಯ ಚೇಂಬರು ಕಟ್ಟಿಕೊಂಡಾಗ ಯಾರನ್ನೋ ಕರೆದು ಕೂಲಿ ಕೊಟ್ಟು ಇಳಿಯೆಂದು ಹೇಳುವುದು ವಿದ್ಯಾವಂತರಿಗೆ ಸಲ್ಲದು. ಯಂತ್ರವನ್ನು ಕರೆಸತಕ್ಕದ್ದು, ಅದು ಬರುವವರೆಗೆ ಕಾಯತಕ್ಕದ್ದು.

ವಾಷರನ್ನು ಸಕಾಲದಲ್ಲಿ ಬದಲಿಸುವುದು, ಸಿಂಕಿನ ಬಾಯಿಗೆ ಒಂದು ಜಾಲರಿಯನ್ನಿಡುವುದು, ಜಿಡ್ಡನ್ನು ಕಾಗದದಿಂದ ಒರಸಿ ಕಸಕ್ಕೆ ಹಾಕಿದ ಮೇಲೆ ಪಾತ್ರೆ ತೊಳೆಯುವುದು, ಇವು ಸಣ್ಣ ಕೆಲಸಗಳು. ಇವನ್ನು ನಡಸಿಕೊಂಡು ಬಂದ ಮನೆಯಲ್ಲಿ ನೀರಿನ ಖರ್ಚು ಕಡಮೆಯಾಗುವುದಲ್ಲದೆ, ಆ ಮನೆಯಿಂದ ಬೀದಿಗೂ ಬೀದಿಯ ಕೆಲಸಗಾರನಿಗೂ ಕೇಡು ತಟ್ಟುವುದಿಲ್ಲ.