5ಜಿ ಬಂದರೂ 2ಜಿ ಬಾಗಿಲು ತೆರೆದೇ ಇದೆ

2022ರ ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್ ಪೊಲೀಸರು ಒಂದು ಕಾರನ್ನು ತಡೆದು ನೋಡಿದಾಗ ಒಳಗೊಂದು ವಿಚಿತ್ರ ಪೆಟ್ಟಿಗೆ ಸಿಕ್ಕಿತು. ಅದು ಓಡಾಡುವ ಮೊಬೈಲ್ ಟವರ್. ಕಾರು ಹಾದುಹೋದ ಬೀದಿಗಳಲ್ಲಿ ಜನರ ಫೋನಿಗೆ ಆರೋಗ್ಯ ವಿಮೆಯ ಹೆಸರಿನಲ್ಲಿ ಸುಳ್ಳು ಮೆಸೇಜು ಹೋಗುತ್ತಿತ್ತು. 2024ರಲ್ಲಿ ಲಂಡನ್ನಿನಲ್ಲೂ ಇಂಥದೇ ಯಂತ್ರದ ಪ್ರಕರಣದಲ್ಲಿ ಬಂಧನಗಳಾದವು. ಈ ಮೆಸೇಜುಗಳು ಮೊಬೈಲ್ ಕಂಪನಿಯ ನೆಟ್‌ವರ್ಕ್ ಮೂಲಕ ಬರುವುದೇ ಇಲ್ಲ. ಹಾಗಾಗಿ ಕಂಪನಿಯ ಸ್ಪ್ಯಾಮ್ ಫಿಲ್ಟರ್ ಎಷ್ಟೇ ಚುರುಕಾಗಿದ್ದರೂ ಇವು ಅದರ ಕೈಗೆ ಸಿಗುವುದಿಲ್ಲ.

ಯಂತ್ರ ಕೆಲಸ ಮಾಡುವ ಬಗೆ ಹೀಗೆ. ಪ್ರತಿಯೊಂದು ಟವರೂ ತಾನು ಯಾವ ಕಂಪನಿಯದು, ಹೇಗೆ ಸಂಪರ್ಕಿಸಬೇಕು ಎಂದು ಸದಾ ಬಿತ್ತರಿಸುತ್ತಿರುತ್ತದೆ. ಫೋನು ಅದನ್ನು ಆಲಿಸುತ್ತಾ, ಸಿಗ್ನಲ್ ಬಲವಾಗಿರುವ ಕಡೆಗೆ ಹೊರಳುತ್ತದೆ. ನಕಲಿ ಟವರ್ ಹತ್ತಿರದಲ್ಲೇ ನಿಂತು ಅಸಲಿಗಿಂತ ಜೋರಾಗಿ ಬಿತ್ತರಿಸಿದರೆ ಫೋನು ಅದರ ಬಲೆಗೆ ಬೀಳುತ್ತದೆ. 'ನೀನು ಯಾರು' ಎಂಬ ಪ್ರಶ್ನೆ ಬಂದೊಡನೆ ಸಿಮ್‌ನಲ್ಲಿರುವ ಐಎಂಎಸ್‌ಐ ಎಂಬ ಸಂಖ್ಯೆಯನ್ನು ಒಪ್ಪಿಸಿಬಿಡುತ್ತದೆ. ಸಾಮಾನ್ಯವಾಗಿ 15 ಅಂಕಿಗಳ ಈ ಸಂಖ್ಯೆ ನಿಮ್ಮ ಫೋನ್ ನಂಬರಲ್ಲ, ಸಿಮ್‌ನ ಗುರುತು. ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಅಥವಾ 405. ನಂತರದ್ದು ಕಂಪನಿಯದು, ಉಳಿದದ್ದು ನಿಮ್ಮದು. ಸಿಮ್ ಬದಲಾಗುವವರೆಗೆ ಇದೂ ಬದಲಾಗದು. ಆದ್ದರಿಂದ ಒಬ್ಬ ವ್ಯಕ್ತಿ ಎಲ್ಲೆಲ್ಲಿ ಓಡಾಡಿದ ಎಂದು ಬೆನ್ನುಹತ್ತಲು ಇಷ್ಟು ಸಾಕು.

ಮೂಲ ದೋಷ 2ಜಿಯದು. 1991ರಲ್ಲಿ ಫಿನ್‌ಲೆಂಡಿನಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಫೋನು ತಾನು ಅಸಲಿ ಎಂದು ಟವರಿಗೆ ರುಜುವಾತು ಕೊಡಬೇಕು. ಟವರಿನಿಂದ ರುಜುವಾತು ಕೇಳುವ ದಾರಿ ಫೋನಿಗೆ ಇಲ್ಲ. ಸಂಭಾಷಣೆಯನ್ನು ಗೂಢಲಿಪಿಗೆ ತಿರುಗಿಸಬೇಕೋ ಬೇಡವೋ ಎಂದು ನಿರ್ಧರಿಸುವುದೂ ಟವರೇ. ನಕಲಿ ಟವರು 'ಬೇಡ' ಎಂದರೆ ಫೋನು ಸುಮ್ಮನೆ ಒಪ್ಪುತ್ತದೆ. 3ಜಿ ಮತ್ತು 4ಜಿಯಲ್ಲಿ ಫೋನೂ ಟವರೂ ಪರಸ್ಪರ ಪರೀಕ್ಷಿಸಿಕೊಳ್ಳುವ ಕ್ರಮ ಬಂತು. ಆದರೆ ಆ ಪರೀಕ್ಷೆಗೆ ಮುಂಚೆ ಟವರ್ ಕೇಳಿದರೆ ಐಎಂಎಸ್‌ಐ ಬಹಿರಂಗವಾಗಿಯೇ ಹೋಗುತ್ತಿತ್ತು.

5ಜಿ ಇದಕ್ಕೆ ನಿಜವಾದ ಪರಿಹಾರ ಹುಡುಕಿದೆ, ಮೆಚ್ಚಬೇಕಾದ ಕೆಲಸ ಅದು. ಕಂಪನಿಯ ಬಳಿ ಕೀಲಿಗಳ ಒಂದು ಜೋಡಿ ಇರುತ್ತದೆ: ಒಂದು ಬಹಿರಂಗ, ಇನ್ನೊಂದು ಗುಟ್ಟಿನದು. ಬಹಿರಂಗ ಕೀಲಿಯನ್ನು ಸಿಮ್‌ನಲ್ಲೇ ಇಟ್ಟು ಕೊಡುತ್ತಾರೆ. ಗುರುತು ಹೇಳಬೇಕಾದಾಗ ಫೋನು ಆ ಹೊತ್ತಿಗೆಂದೇ ತನ್ನದೊಂದು ತಾತ್ಕಾಲಿಕ ಕೀಲಿಯನ್ನು ಹುಟ್ಟಿಸಿ, ಎರಡನ್ನೂ ಬೆರೆಸಿ ಗುರುತಿನ ಸಂಖ್ಯೆಯನ್ನು ಮರೆಮಾಡುತ್ತದೆ. ಗುಟ್ಟಿನ ಕೀಲಿ ಇರುವ ಕಂಪನಿ ಮಾತ್ರ ಅದನ್ನು ಬಿಡಿಸಬಲ್ಲದು. ದೇಶ ಮತ್ತು ಕಂಪನಿಯ ಅಂಕಿಗಳು ಮಾತ್ರ ತೆರೆದಿರುತ್ತವೆ, ಏಕೆಂದರೆ ರೋಮಿಂಗಿನಲ್ಲಿ ಕೋರಿಕೆಯನ್ನು ಎಲ್ಲಿಗೆ ಕಳುಹಿಸಬೇಕೆಂದು ತಿಳಿಯಬೇಕಲ್ಲ. ಪ್ರತಿ ಬಾರಿಯೂ ಕೀಲಿ ಹೊಸದಾದ್ದರಿಂದ ಹೊರಬರುವ ಅಂಕಿಗಳೂ ಬೇರೆ. ನಿನ್ನೆ ಹಾದುಹೋದ ಫೋನೇ ಇವತ್ತೂ ಹಾದುಹೋಯಿತೇ ಎಂದು ನಕಲಿ ಟವರಿಗೆ ಅವುಗಳಿಂದ ತಿಳಿಯುವುದಿಲ್ಲ.

ಆದರೂ ತೂತುಗಳು ಉಳಿದಿವೆ. 5ಜಿ ನಿಯಮಾವಳಿಯೇ ಕಂಪನಿಗೆ ಈ ಮರೆಮಾಚುವಿಕೆಯನ್ನು ಬಳಸದಿರುವ ಅವಕಾಶ ಕೊಟ್ಟಿದೆ. 4ಜಿಯ ಕೋರ್ (ನೆಟ್‌ವರ್ಕಿನ ಕೇಂದ್ರ ಭಾಗ) ಮೇಲೆ ಓಡುವ 5ಜಿಯಲ್ಲಂತೂ ಇದು ಕೆಲಸ ಮಾಡುವುದಿಲ್ಲ. 2022ರ ಅಕ್ಟೋಬರಿನಲ್ಲಿ ಭಾರತಕ್ಕೆ 5ಜಿ ಬಂದಾಗ ಜಿಯೋ ಸ್ವತಂತ್ರ 5ಜಿ ಕೋರ್‌ನೊಂದಿಗೆ ಶುರುಮಾಡಿತು, ಏರ್‌ಟೆಲ್ 4ಜಿ ಕೋರ್ ಆಸರೆಯಲ್ಲಿ. ಫೋನಿನ ಮೂಲೆಯಲ್ಲಿ ಕಾಣುವ '5ಜಿ' ಒಂದೇ ಆದರೂ ಒಳಗಿನ ಭದ್ರತೆ ಒಂದೇ ಅಲ್ಲ. ಟವರಿನ ಬಿತ್ತರಿಕೆಗೆ ಇಂದಿಗೂ ಡಿಜಿಟಲ್ ಸಹಿ ಇಲ್ಲ. 6ಜಿಯಲ್ಲಾದರೂ ಅದು ಬರಲೇಬೇಕು. ಕ್ವಾಂಟಮ್ ಕಂಪ್ಯೂಟರ್ ಬಲಿತರೆ ಇಂದಿನ ಕೀಲಿಗಳೂ ಮುರಿಯುತ್ತವೆ. ಅದನ್ನು ತಾಳಿಕೊಳ್ಳುವ ಗಣಿತ ಸೂತ್ರಗಳನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟಿನಲ್ಲಿ ಪ್ರಕಟಿಸಿದೆ.

ಇವೆಲ್ಲಕ್ಕಿಂತ ತುರ್ತಿನದು ಹಳೆಯ ಬಾಗಿಲು. ಕಳ್ಳನಿಗೆ 5ಜಿಯ ಬೀಗ ಒಡೆಯುವ ಅಗತ್ಯವೇ ಇಲ್ಲ. 4ಜಿ, 5ಜಿ ಸಿಗ್ನಲ್ಲನ್ನು ಕೆಡಿಸಿದರೆ ಅಥವಾ ನಕಲಿ 4ಜಿ ಟವರಿನಿಂದ ಫೋನನ್ನು ಕೆಳಕ್ಕೆ ತಳ್ಳಿದರೆ ಅದು ತಾನಾಗಿ 2ಜಿಗೆ ಇಳಿಯುತ್ತದೆ. ಅಲ್ಲಿ ಕ್ಷಣಗಳಲ್ಲಿ ಮೆಸೇಜು ತುರುಕಿ ಬಿಟ್ಟುಬಿಡುತ್ತಾರೆ. ಫೋನು ಮತ್ತೆ ಅಸಲಿ ನೆಟ್‌ವರ್ಕಿಗೆ ಮರಳುತ್ತದೆ. ನಡುವೆ ಏನೋ ನಡೆಯಿತೆಂಬುದು ನಮ್ಮ ಗಮನಕ್ಕೇ ಬರುವುದಿಲ್ಲ. ನಮ್ಮಲ್ಲಿ ಕೀಪ್ಯಾಡ್ ಫೋನು ನೆಚ್ಚಿಕೊಂಡ ಎಷ್ಟೋ ಹಿರಿಯರಿಗೆ 2ಜಿ ಇನ್ನೂ ಬೇಕು. ಅದನ್ನು ರಾತ್ರೋರಾತ್ರಿ ನಿಲ್ಲಿಸುವುದು ನ್ಯಾಯವಲ್ಲ. ಆದರೆ ಸ್ಮಾರ್ಟ್‌ಫೋನ್ ಇರುವವರು ತಮ್ಮ ಫೋನಿನ ಮಟ್ಟಿಗೆ ಆ ಬಾಗಿಲನ್ನು ಹಾಕಿಕೊಳ್ಳಬಹುದು.

ಆಂಡ್ರಾಯ್ಡ್ 12ರಿಂದೀಚೆಗೆ ಅನೇಕ ಫೋನುಗಳ ಸಿಮ್ ಸೆಟ್ಟಿಂಗ್ಸ್‌ನಲ್ಲಿ 'ಅಲೋ 2ಜಿ' ಎಂಬ ಆಯ್ಕೆ ಇದೆ. ಅದನ್ನು ಆಫ್ ಮಾಡಿ. ತುರ್ತು ಕರೆಗೆ ಅದರಿಂದ ಅಡ್ಡಿಯಿಲ್ಲ. ಐಫೋನಿನಲ್ಲಿ ಐಒಎಸ್ 17ರಿಂದ ಲಾಕ್‌ಡೌನ್ ಮೋಡ್ ಹಾಕಿದರೆ 2ಜಿ ನಿಲ್ಲುತ್ತದೆ. 2ಜಿ ಬಿಟ್ಟು ಬೇರೆ ಸಿಗ್ನಲ್ ಸಿಗದ ಊರಿಗೆ ಹೋದಾಗ ಮಾತ್ರ ಮತ್ತೆ ಆನ್ ಮಾಡಿಕೊಳ್ಳಿ. ಬ್ಯಾಂಕಿನ ಹೆಸರು ಹೊತ್ತು ಬಂದ ಮೆಸೇಜಿನಲ್ಲಿ ಲಿಂಕ್ ಇದ್ದರೆ ಒತ್ತಬೇಡಿ: ಕಳುಹಿಸಿದವರ ಹೆಸರನ್ನು ನಕಲಿ ಟವರು ತನಗಿಷ್ಟ ಬಂದಂತೆ ಬರೆದುಕೊಳ್ಳಬಲ್ಲದು.