ದರಪಟ್ಟಿಯಲ್ಲಿ ಬದಲಾದದ್ದೇನು? ಬಣ್ಣದಲ್ಲಿ ತೋರಿಸುವ ‘ಗಿಟ್ ಡಿಫ್’

ಐನೂರು ಬಾಬುಗಳ ದರಪಟ್ಟಿಯಲ್ಲಿ 1,250 ರೂಪಾಯಿ ಎಂದಿದ್ದುದು 1,520 ಆಗಿಬಿಟ್ಟರೆ ಅದು ಬರಿಗಣ್ಣಿಗೆ ಕಾಣುವುದು ಅಪರೂಪ. ಅಂಕಿಗಳು ಹೀಗೆ ಅದಲುಬದಲಾದಾಗ ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂಬುದನ್ನು ಹಳೆಯ ಗುಮಾಸ್ತರು ಬಲ್ಲರು. ಆದರೆ ಆ ಉಪಾಯ ಫಲಿಸುವುದು ಎರಡು ಮೊತ್ತಗಳು ತಾಳೆಯಾಗಬೇಕಾದಲ್ಲಿ ಮಾತ್ರ. ದರಪಟ್ಟಿಗೆ ಮೊತ್ತವೇ ಇರುವುದಿಲ್ಲ. ತಪ್ಪು ದರ ಬಿಲ್ಲಿಗೆ ಹೋಗಿ, ಗ್ರಾಹಕರು ತಕರಾರು ಎತ್ತಿದಾಗಲೇ ಬೆಳಕಿಗೆ ಬರುತ್ತದೆ.

ಗಣಕಯಂತ್ರದ ಕ್ರಮವಿಧಿ ಬರೆಯುವವರು ಇದೇ ತೊಡಕಿಗೆ ಪರಿಹಾರ ಕಂಡುಕೊಂಡಿದ್ದಾರೆ. ಎರಡು ಕಡತಗಳನ್ನು ಹೋಲಿಸುವ ‘ಡಿಫ್’ 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ‘ಗಿಟ್’ ಎಂಬ ಉಚಿತ ತಂತ್ರಾಂಶವು ಕಡತದ ಹಿಂದಿನ ಪ್ರತಿಗಳನ್ನು ಕಾಪಾಡಿಕೊಂಡು, ಈಗಿನ ಪ್ರತಿಯೊಡನೆ ಹೋಲಿಸುತ್ತದೆ. ಆಜ್ಞೆಗಳನ್ನು ಬೆರಳಚ್ಚಿಸುವ ಟರ್ಮಿನಲ್ ಪರದೆಯಲ್ಲಿ ‘ಗಿಟ್ ಡಿಫ್’ ಎಂದರೆ ತೆಗೆದ ಸಾಲು ಕಳೆಯುವ ಚಿಹ್ನೆಯೊಂದಿಗೆ ಕೆಂಪಾಗಿಯೂ, ಸೇರಿಸಿದ ಸಾಲು ಕೂಡುವ ಚಿಹ್ನೆಯೊಂದಿಗೆ ಹಸಿರಾಗಿಯೂ ಮೂಡುತ್ತವೆ. ಲೆಕ್ಕದ ಪುಸ್ತಕದ ಕೆಂಪು ಶಾಯಿಗೆ ಒಗ್ಗಿದ ಕಣ್ಣು ಇಲ್ಲಿ ಎಚ್ಚರವಹಿಸಬೇಕು. ಕೆಂಪೆಂದರೆ ಹಿಂದೆ ಇದ್ದದ್ದು, ಹಸಿರೆಂದರೆ ಈಗ ಇರುವುದು, ಅಷ್ಟೇ. ಮೇಲಿನ ಉದಾಹರಣೆಯಲ್ಲಿ ತಪ್ಪಾದ 1,520 ಹಸಿರಿನಲ್ಲಿಯೇ ಕಾಣಿಸುತ್ತದೆ.

ಒಂದೇ ಅಂಕಿ ಬದಲಾದರೂ ಇಡೀ ಸಾಲು ಎರಡು ಬಾರಿ ಬರುವುದು ತುಸು ಕಿರಿಕಿರಿ. ‘ಕಲರ್-ವರ್ಡ್ಸ್’ ಎಂಬ ಆಯ್ಕೆ ಕೊಟ್ಟರೆ ಬದಲಾದ ಪದಕ್ಕಷ್ಟೇ ಬಣ್ಣ ಬರುತ್ತದೆ. ಅದು ಪದಗಳನ್ನು ಗುರುತಿಸುವುದು ನಡುವಣ ಖಾಲಿ ಜಾಗದಿಂದ. ಆದುದರಿಂದ ಎಕ್ಸೆಲ್ ಪಟ್ಟಿಯನ್ನು ಅಲ್ಪವಿರಾಮಗಳಿಗಿಂತ ಟ್ಯಾಬ್‌ನಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ ಉಳಿಸುವುದು ಲೇಸು. ಎಕ್ಸೆಲ್ ಕಡತವನ್ನು ಇದ್ದಂತೆಯೇ ಕೊಟ್ಟರೆ ‘ಭಿನ್ನವಾಗಿದೆ’ ಎಂಬುದರ ಹೊರತು ಏನೂ ತಿಳಿಯದು. ನಡುವೆ ಯಾರಾದರೂ ಪಟ್ಟಿಯನ್ನು ಅಕಾರಾದಿಯಾಗಿ ಮರುಜೋಡಿಸಿದ್ದರೆ ಪರದೆಯೆಲ್ಲ ಕೆಂಪು-ಹಸಿರಾಗಿ, ನಿಜವಾದ ಬದಲಾವಣೆ ಅದರಲ್ಲಿ ಮುಳುಗಿಹೋಗುತ್ತದೆ.

ಸಿಎನ್‌ಸಿ ಯಂತ್ರಗಳ ಕ್ರಮವಿಧಿಗಳೂ ಸಾಮಾನ್ಯವಾಗಿ ಸರಳ ಪಠ್ಯವೇ ಆಗಿರುವುದರಿಂದ ಕಾರ್ಖಾನೆಯವರಿಗೆ ಇದರ ಉಪಯೋಗ ಇನ್ನೂ ಹೆಚ್ಚು. ಫೀಡ್ 120ರ ಬದಲು 1200 ಆದರೆ ಹಾಳಾಗುವುದು ಕಾಗದವಲ್ಲ, ಲೋಹ ಮತ್ತು ಉಪಕರಣ.

ಫಲಿತಾಂಶವನ್ನು ಕಡತಕ್ಕೆ ಇಳಿಸಿದಾಗ ಸಾಮಾನ್ಯವಾಗಿ ಬಣ್ಣ ಉಳಿಯುವುದಿಲ್ಲ. ಮುದ್ರಿತ ಪ್ರತಿಯಲ್ಲಿ ಕೂಡು-ಕಳೆ ಚಿಹ್ನೆಗಳನ್ನೇ ನೋಡಬೇಕು. ಕೆಂಪು-ಹಸಿರು ಭೇದ ಕಾಣದವರಿಗೂ ಅವೇ ಆಧಾರ.

ಇದು ಲೆಕ್ಕಪತ್ರದ ತಂತ್ರಾಂಶಕ್ಕೆ ಬದಲಿಯಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ಸೌಲಭ್ಯವನ್ನು ನಿಲ್ಲಿಸಲು ಆಸ್ಪದವಿರಬಾರದು. ಗಿಟ್‌ನಲ್ಲಾದರೋ ತಿದ್ದಿದವರ ಹೆಸರೆಂದು ಕಾಣುವುದು ಆ ಗಣಕಯಂತ್ರದಲ್ಲಿ ಅವರೇ ಬರೆದಿಟ್ಟ ಹೆಸರು.